ಒಂದು ಗೀರು

ಎದುವೀಹೆಸ್ ಅಜ್ಜಿ ಈಗ ಏಣಿ ಹತ್ತುವುದಿಲ್ಲ.
ಒಲಾಂಚೊದ ಇಳಿಜಾರಲ್ಲಿ ಕಾಲೂರಿ ನಿಂತು ಕೈ ಚಾಚುತ್ತಾಳೆ,
ಮೊಮ್ಮಗ ವಿಲ್ಮೆರ್ ಕೊಂಬೆ ಬಗ್ಗಿಸಬೇಕು.
ಕಂದು, ಒರಟು, ಮುಷ್ಟಿಗಿಂತ ದಪ್ಪ:
ಚಿಕ್ಕುವಿಗೆ ದೊಡ್ಡಪ್ಪನಾಗಬೇಕು ಈ ಸಪೋತೆ.

ಹೊರಗಿನಿಂದ ಬಾಯಿ ಬಿಡದ ಹಣ್ಣು.
ಅದಕ್ಕೇ ಹೆಬ್ಬೆರಳ ಉಗುರು,
ತೊಟ್ಟಿನ ಪಕ್ಕ ಒಂದೇ ಗೀರು.
ಹಸಿರು ಕಂಡರೆ, "ಇನ್ನೂ ಮಲಗಿರು, ಮಗು."
ಕೆಂಪು ಕಂಡರಷ್ಟೇ ಬುಟ್ಟಿಗೆ.

ಪಿಕಪ್ ತಂದ ಹೊಸ ವ್ಯಾಪಾರಿ
ತಿರುಗಿಸಿ ನೋಡಿ ಮೂಗು ಮುರಿದ:
"ಎಲ್ಲಕ್ಕೂ ಗಾಯ. ಅರ್ಧ ಬೆಲೆ."
ಅವನ ಗಾಡಿಯಲ್ಲಿದ್ದವು ಬೇರೆ ತೋಟದವು,
ಒಂದೂ ಗೀರಿಲ್ಲ,
ಎಂಟು ದಿನವಾದರೂ ಕಲ್ಲು.

ಅಜ್ಜಿ ವಾದಕ್ಕಿಳಿಯಲಿಲ್ಲ.
ಜೋಳದ ರಾಶಿಯಲ್ಲಿ ಹುಗಿದಿಟ್ಟಿದ್ದ ಒಂದನ್ನು ತೆಗೆದು
ಸೆರಗಿಲ್ಲದ ಲಂಗಕ್ಕೆ ಚಾಕು ಒರೆಸಿ
ಸೀಳಿದಳು.
ಇಟ್ಟಿಗೆಗೂಡಿನೊಳಗಿನ ಬಣ್ಣ,
ನಡುವೆ ಮಿರಿಮಿರಿ ಬೀಜ.
ನಿಂತೇ ತಿಂದ. ಗಡ್ಡ ಒರೆಸಿಕೊಂಡ.
ಬೆಲೆ ಏರಿಸಲಿಲ್ಲ, ಸುಳ್ಳೇಕೆ ಹೇಳಲಿ.
ಬೀಜ ಮಾತ್ರ ಜೇಬಿಗಿಳಿಸಿಕೊಂಡು ಹೋದ.

ರಾತ್ರಿ ವಿಲ್ಮೆರ್ ಎಣ್ಣೆ ಹಚ್ಚಿ ತಿಕ್ಕಿದರೂ
ಉಗುರಿನ ಸಂದಿಯ ಅಂಟುಹಾಲು ಬಿಡಲಿಲ್ಲ.
"ಇರಲಿ ಬಿಡು," ಅಂದಳು ಕಣ್ಣು ಮುಚ್ಚಿಯೇ,
"ನಾಳೆಯೂ ಕೇಳುವುದಿದೆ."