ಆದ್ದರಿಂದ

ನನ್ನ ಕೆಲಸ ಕೇಳಿದ್ದನ್ನು ಬರೆಯುವುದು.
ದೇರಳಕಟ್ಟೆಯ ಆಸ್ಪತ್ರೆ, ಎರಡನೇ ಮಾಳಿಗೆ,
ಕಿವಿಗೆ ಇಯರ್‌ಫೋನು, ಕಾಲಡಿಗೆ ಪೆಡಲು;
ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ.
ಕೆಮ್ಮಿದರೆ ಕೆಮ್ಮು ಎಂದೇ ಬರೆಯಬೇಕು.
ಮೂರು ಸೆಕೆಂಡು ಸುಮ್ಮನಿದ್ದರೆ ಮೂರು ಚುಕ್ಕೆ.
ತಿದ್ದಬಾರದು. ಬಾಳಿಗ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದು:
"ನಿಮಗೆ ಒಳ್ಳೆ ಕನ್ನಡದ ಅಭ್ಯಾಸ ಇರಬಹುದು,
ಅದನ್ನು ಹೊರಗೆ ಬಿಟ್ಟು ಬನ್ನಿ, ಚಪ್ಪಲಿಯ ಹಾಗೆ."

ಇಪ್ಪತ್ತೇಳನೇ ನಂಬರು. ಹೆಸರಿಲ್ಲ, ಪ್ರಾಯ ಹತ್ತೊಂಬತ್ತು.
ಪ್ರಶ್ನೆ: ನಿನ್ನೆ ಬೆಳಿಗ್ಗೆಯಿಂದ ಎಂತ ಮಾಡಿದ್ದು, ಹೇಳಿ.

"ಎದ್ದೆ. ಅಮ್ಮ ಧಕ್ಕೆಗೆ ಹೋಗಿ ಆಗಿತ್ತು.
ಚಾ ತಣ್ಣಗೆ. ತಣ್ಣಗೆ ಅಂದರೆ ಐಸು, ಐಸಿನ ಲಾರಿಗೆ
ನಂಬರು ಉಂಟು, ಆದ್ದರಿಂದ ನನ್ನ ರಿಸಲ್ಟು
ಅವರಿಗೆ ಮೊದಲೇ ಗೊತ್ತಿತ್ತು... ಬಂಗುಡೆ
ಕಣ್ಣು ಮುಚ್ಚುವುದಿಲ್ಲ, ಆದ್ದರಿಂದ
ಗೋಡೆಯ ಗಡಿಯಾರ ತೆಗೆದಿಟ್ಟೆ...
ನಿಮ್ಮ ಪ್ರಶ್ನೆ ಎಂತ?"

ಬರೆದೆ. ಪೆಡಲು ಬಿಟ್ಟೆ.

ತುಳುವಿನಲ್ಲಿ ಶುರು ಮಾಡಿ, ಬ್ಯಾರಿಯಲ್ಲಿ ನಕ್ಕು,
ಕೊಂಕಣಿಯಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಬಿಲ್ಲು ಕೇಳುವ ಊರು.
ಇಲ್ಲಿ ಒಬ್ಬನ ಮಾತು ದಾರಿ ತಪ್ಪಿತೆಂದು
ಯಾರಿಗೆ, ಯಾವಾಗ ಗೊತ್ತಾಗಬೇಕು?
ಅವನ ತಾಯಿಗೂ ಕಂಡಿರಬೇಕು,
ಕಾಲೇಜಿಗೆ ಹೋಗುವ ಹುಡುಗ, ಎಂತದೋ ದೊಡ್ಡ ಮಾತು.

ಆದರೆ ಭಾಷೆ ನಾಲ್ಕಾದರೂ ನಮ್ಮ ಬಾಯಲ್ಲಿ
ಮೀನು ಮೀನೇ, ರೇಟು ರೇಟೇ.
ಅವನದು ಒಂದೇ ಭಾಷೆ, ವ್ಯಾಕರಣ ಸರಿ,
ಈ ದಡ ಉಂಟು, ಆ ದಡ ಉಂಟು,
ನಡುವೆ ಫೆರಿ ಇಲ್ಲ.
ಫೆರಿಯ ಹೆಸರು ಮಾತ್ರ ಉಂಟು: ಆದ್ದರಿಂದ.

ನಾನು ಬೆಂಗ್ರೆಯವಳು. ದಿನಾ ನದಿ ದಾಟಿ,
ಬಂದರಿನ ಮೀನುನೀರು ದಾಟಿ, ಬಸ್ಸು ಹಿಡಿಯುವವಳು.

ಹದಿನಾಲ್ಕನೇ ನಿಮಿಷ. ಅವನ ಸ್ವರ ಇಳಿಯುತ್ತದೆ.
"ಫೆರಿಯಲ್ಲಿ ನೀಲಿ ಬುತ್ತಿಯವರು ಒಬ್ಬರು ಇದ್ದಾರೆ.
ನಾನು ಹೇಳಿದ್ದೆಲ್ಲ ಅವರು ಬರೆಯುತ್ತಾರೆ,
ಆದ್ದರಿಂದ ನಾನು ಮೆಲ್ಲ ಮಾತಾಡುವುದು."

ನನ್ನ ಬುತ್ತಿ ಮೇಜಿನ ಕೆಳಗೆ ಉಂಟು.
ನೀಲಿ.

ಆಗ ಸ್ವರಕ್ಕೆ ಮುಖ ಬಂತು. ಹೆಸರು ಇಲ್ಲಿಯೂ ಬೇಡ.
ಹೋದ ವರ್ಷ ನನ್ನ ಹತ್ತು ರೂಪಾಯಿ ಗಾಳಿಗೆ ಹಾರಿದಾಗ
ಬಗ್ಗಿ ನೀರಿನಿಂದ ತೆಗೆದುಕೊಟ್ಟವನು.
"ಒದ್ದೆ ನೋಟಿಗೂ ಫೆರಿ ಬಿಡ್ತಾರೆ ಅಕ್ಕ" ಎಂದವನು.

ಬದಿಯ ಕಾಲಮ್ಮು ಡಾಕ್ಟರದು: ಸಂಬಂಧ ಉಂಟು, ಇಲ್ಲ.
ಈ ಸಾಲಿಗೆ ಇಲ್ಲ ಎಂದೇ ಬೀಳುತ್ತದೆ.
ಇಡೀ ರೆಕಾರ್ಡಿಂಗಿನಲ್ಲಿ ಸಾಕ್ಷಿ ಇರುವ ಮಾತು ಇದೊಂದು,
ಸಾಕ್ಷಿ ನಾನು.

ಹೋಗಿ ಹೇಳಿದೆ. ಫೈಲು ವಾಪಸು ತಕ್ಕೊಂಡರು.
"ತಲೆ ಕೆಟ್ಟಿದೆಯಾ ಅವನಿಗೆ?" ಕೇಳಬಾರದಿತ್ತು, ಕೇಳಿದೆ.
"ಇನ್ನೂ ಎಂತದೂ ಆಗಲಿಲ್ಲ. ಆಗದೆಯೂ ಇರಬಹುದು.
ಪಡುವಲ್ಲಿ ಕಪ್ಪು ಕಂಡರೆ ನಿಮ್ಮಲ್ಲಿ ಎಂತ ಮಾಡುತ್ತಾರೆ?"
ದೋಣಿ ಮೇಲೆ ಎಳೆಯುತ್ತಾರೆ ಎಂದೆ.
"ಮಳೆ ಬರಲೇ ಇಲ್ಲ, ಆಗ?"
ಪುನಃ ಇಳಿಸುತ್ತಾರೆ.
"ಹಾಗೆಯೇ" ಎಂದು ಕನ್ನಡಕ ಒರೆಸಿಕೊಂಡರು.

ಮರುದಿನ ಸ್ಟೀಲಿನ ಬುತ್ತಿ ಹಿಡಿದು ಹೋದೆ.
ಸಂಜೆಯ ಫೆರಿ. ಹಿಂದಿನ ಹಲಗೆಯಲ್ಲಿ ಅವನು,
ತಲೆಗೆ ಎಣ್ಣೆ, ಕಾಲರಿನ ಗುಬ್ಬಿ ಕುತ್ತಿಗೆಯವರೆಗೆ.
"ಅಕ್ಕ, ನೀಲಿ ಎಲ್ಲಿ?"
ಮನೆಯಲ್ಲಿ ಬಿಟ್ಟು ಬಂದೆ ಎಂದೆ.
ಒಂದು, ಎರಡು, ಮೂರು. ನನ್ನ ಕಾಲು ತಾನಾಗಿ
ಇಲ್ಲದ ಪೆಡಲನ್ನು ಹುಡುಕಿತು.

"ಹಾಗಾದರೆ ಇವತ್ತು ಸ್ವಲ್ಪ ಜೋರಾಗಿ ಮಾತಾಡಬಹುದು" ಎಂದ.

ಮಾತಾಡಿದ. ಎಂಜಿನ್ನಿನ ಸದ್ದಿಗೆ ಅರ್ಧ ಕೇಳಲಿಲ್ಲ.
ಕೇಳಿದ್ದನ್ನು ನಾನು ಬರೆಯುವುದಿಲ್ಲ.