ಒಂದು ಹಿಕ್ಕೆಯ ಸಂದು

ಮೂವತ್ತು ವರ್ಷ ಬಾಗಿಲು ಕೂರಿಸಿದವನು ನಾನು.
ಸಂದು ಬಿಟ್ಟರೆ ಬೈಗುಳ ತಿಂದವನು.
ಪೋಸ್ಟ್‌ಕಾರ್ಡು ತೂರಿಸಿ ನೋಡುತ್ತಿದ್ದ ನಮ್ಮಪ್ಪ
ಚೌಕಟ್ಟಿಗೂ ಕದಕ್ಕೂ ನಡುವೆ;
ತೂರಿದರೆ ಆ ದಿನ ಮುದ್ದೆ ಇಲ್ಲ.

ಮಳವಳ್ಳಿಯಾಚೆ, ನಾಲೆಯ ಮಗ್ಗುಲಿಗೆ,
ಚಿಕ್ಕತಾಯಮ್ಮನ ಹುಳುಮನೆ ಖಾಲಿ ಬಿದ್ದಿತ್ತು.
ರೇಷ್ಮೆ ಬಿಟ್ಟು ನಾಲ್ಕು ವರ್ಷ.
ಗೋಡೆಗೊರಗಿದ ಚಂದ್ರಿಕೆಗಳಲ್ಲಿ
ಇನ್ನೂ ಒಂದೆರಡು ಗೂಡಿನ ಎಳೆ.
"ಮೇಕೆಗೆ ಅಟ್ಟ ಕಟ್ಟಿಕೊಡು ಆಚಾರಿ,
ನೆಲದಿಂದ ಸೊಂಟದೆತ್ತರ. ಪಟ್ಟಿಪಟ್ಟಿಗೂ ಸಂದು ಬುಡಬೇಕು."
ಎಷ್ಟು ಸಂದು, ಅಂದೆ, ಕಿವಿಯಿಂದ ಪೆನ್ಸಿಲು ತೆಗೆದು.
ಬಗ್ಗಿ, ನೆಲದಿಂದ ಒಂದು ಹಿಕ್ಕೆ ಹೆಕ್ಕಿ
ನನ್ನ ಅಂಗೈಗಿಟ್ಟಳು, ಪ್ರಸಾದದ ಹಾಗೆ.
"ಇದು ಉದುರಬೇಕು. ಮರಿಯ ಗೊರಸು ಸಿಕ್ಕಾಕಬಾರ್ದು.
ನಿನ್ ಟೇಪಲ್ಲಿ ಅದೆಷ್ಟಾಯ್ತದೋ ನಂಗೊತ್ತಿಲ್ಲ."

ಹುಳುವಿನ ತಟ್ಟೆ ಇಡುತ್ತಿದ್ದ ಸ್ಟ್ಯಾಂಡಿನ ಮರವನ್ನೇ ಸೀಳಿ,
ಅಂಗಿಯ ಜೇಬಲ್ಲಿ ಹಿಕ್ಕೆ ಇಟ್ಟುಕೊಂಡು
ಐದು ದಿನ ಕೆಲಸ ಮಾಡಿದೆ.
ಒಣಗುತ್ತ ಒಣಗುತ್ತ ಅದು ಕುಗ್ಗಿತು;
ಮೂರನೆಯ ದಿನಕ್ಕೆ ನನ್ನ ಸಂದೂ ಕಿರಿದಾಗಿತ್ತು.
ಆಕೆ ಬಂದಳು, ಕಾಲ್ಬೆರಳಲ್ಲಿ ಒತ್ತಿ ನೋಡಿದಳು,
ಹನ್ನೊಂದು ಪಟ್ಟಿ ಕೀಳಿಸಿದಳು,
ಹೊಸ ಹಿಕ್ಕೆ ಕೊಟ್ಟಳು.

ಗಾಳಿ ಸೂರಿನಡಿ ಹಾಯಬೇಕು, ಬೆನ್ನ ಮೇಲಲ್ಲ.
ಹೋತದ ಗೂಡು ದೂರ, ಹುಣಸೆಮರದ ಆಚೆ;
ಹತ್ತಿರವಿದ್ದರೆ ಹಾಲಿಗೂ ಗಡ್ಡ ಬರುತ್ತದಂತೆ.
ಸೊಪ್ಪಿನ ಕಟ್ಟು ಮೂತಿಗಿಂತ ಗೇಣು ಮೇಲೆ.
ಆಡು ಮುಟ್ಟದ ಸೊಪ್ಪಿಲ್ಲ, ಅಂದೆ, ನನಗೂ ಗೊತ್ತೆಂದು.
"ಗಾದೆ ಕಟ್ದೋನು ಮೇಕೆ ಸಾಕಿರ್ನಿಲ್ಲ ಕನಪ್ಪ."
ಕೆಳಗೆ ಬಿದ್ದ ಹಿಪ್ಪುನೇರಳೆ ಎಲೆಯನ್ನು
ಮೂರೂ ಮೂಸಿದವು, ಮುಖ ತಿರುಗಿಸಿದವು,
ನನ್ನ ಮಟ್ಟದ ದಾರ ಜಗಿಯತೊಡಗಿದವು.

ಮಂಗಳವಾರ ಕೊಂಡದ್ದು ಮಂಗಳಿ, ಶುಕ್ರವಾರದ್ದು ಶುಕ್ರಿ.
ಜೋಲುಗಿವಿಯದು, ಎಲ್ಲಕ್ಕಿಂತ ಹೆಚ್ಚು ಹಾಲಿನದು,
ಶನಿವಾರದ ಸಂತೆಯದು. ಅದಕ್ಕೆ ಹೆಸರಿಲ್ಲ.
ಬಾರವ್ವ ಅಂದರೆ ಅದೊಂದೇ ಬರುತ್ತದೆ.

ಅಟ್ಟ ಮುಗಿದ ಸಂಜೆ ಯಾವುದೂ ಹತ್ತಲಿಲ್ಲ.
ನಾನು ಹತ್ತಿದೆ. ಕುಣಿದು ತೋರಿಸಿದೆ,
ಐವತ್ತೆರಡರ ಪ್ರಾಯದಲ್ಲಿ, ಮೂರು ಮೇಕೆಗಳಿಗೆ,
ಗಟ್ಟಿಯಾಗಿದೆ ನೋಡ್ರೇ ಎಂದು.
ಚಿಕ್ಕತಾಯಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.
ಹೆಸರಿಲ್ಲದ್ದು ಬಂತು. ಒಂದು ಕಾಲಿಟ್ಟು,
ಸಂದಿನಲ್ಲಿ ಕೆಳಗಿನ ಕತ್ತಲೆ ಕಂಡು, ತೆಗೆದು,
ಮತ್ತೆ ಇಟ್ಟಿತು.

ಕೂಲಿಯ ಬಾಕಿ ಹಾಲಾಗಿ ಬರುತ್ತಿದೆ ಈಗ,
ದಿನಾ ಅರ್ಧ ಲೀಟರು, ಸ್ಟೀಲು ತಂಬಿಗೆಯಲ್ಲಿ.
ನನ್ನವಳು ಮೊದಮೊದಲು ಮೂಗು ಮುಚ್ಚಿಕೊಂಡಳು.
ಮೊನ್ನೆ ನೋಡಿದೆ, ತಂಬಿಗೆ ತೊಳೆಯುವ ಮುಂಚೆ
ಒಳಗೆ ಬೆರಳಾಡಿಸಿ ನೆಕ್ಕುತ್ತಿದ್ದಾಳೆ. ನೋಡದವನಂತೆ ಹೋದೆ.

ಆಷಾಢದಲ್ಲಿ ಹೇಳಿಕಳಿಸಿದಳು, ಒಂದು ಪಟ್ಟಿ ಸಡಿಲವಂತೆ.
ಅಟ್ಟದಡಿ ತೆವಳಿದೆ. ಗೇಣುದ್ದ ಹಿಕ್ಕೆ, ಒಣ, ಬೆಚ್ಚಗೆ;
ತೋಟಕ್ಕೆ ಹೋಗಬೇಕು ಅದು, ಹಿಪ್ಪುನೇರಳೆ ಬುಡಕ್ಕೆ,
ಮತ್ತೆ ಎಲೆಯಾಗಿ ಇಲ್ಲಿಗೇ ಬರಲಿಕ್ಕೆ.
ಅಂಗಾತ ಮಲಗಿದೆ, ಬಾಯಲ್ಲಿ ಮೊಳೆ ಕಚ್ಚಿಕೊಂಡು.
ಮೇಲೆ ಎರಡು ದಿನದ ಮರಿಗಳು ದಡಬಡ ಓಡುತ್ತಿದ್ದವು,
ಒಂದು ಗೊರಸೂ ಸಿಕ್ಕದೆ.
ಸಂದುಸಂದಿನಿಂದ ಬೆಳಕು ಇಳಿದು
ನನ್ನ ಅಂಗಿಯ ಮೇಲೆ ಗೆರೆ ಎಳೆದಿತ್ತು.
ಅಷ್ಟು ನೇರ ಗೆರೆ ನಾನು ಯಾವ ಬಾಗಿಲಿಗೂ ಎಳೆದಿಲ್ಲ.

ಆಗ ಒಂದು ಹಿಕ್ಕೆ, ಹಸಿಯದು,
ಎರಡೂ ಅಂಚು ಮುಟ್ಟದೆ
ನೇರ ಎದೆಗೆ ಬಿತ್ತು, ಜೇಬಿನ ಪಕ್ಕ.

ಬಾಯ್ತುಂಬ ಮೊಳೆ. ಹೇಳುವಂತಿರಲಿಲ್ಲ.
ತೂರಿತು ಅಪ್ಪಾ, ಅಂದುಕೊಂಡೆ.