ತಿರುಗಬಾರದ್ದು

ಭಾನುವಾರ ಇಳಿಹೊತ್ತಿನಾಗ ಗಿರಾಕಿ ಒಬ್ಬ
ಹೆಲ್ಮೆಟ್ ಬಗಲಾಗ ಇಟಗೊಂಡು ನಡಕೋತ ಬಂದ.
ಸಾಣಾಪುರ ಕೆರಿ ದಾಟಿ, ಗುಂಡುಗಲ್ಲಿನ ಸಂದ್ಯಾಗ
ನಮ್ಮ ಮೂರನೇ ನಂಬರ್ ಎಟಿವಿ ಕುಂತುಬಿಟ್ಟಿತ್ತು.
ಚೈನು ಕಳಚಿತ್ತು, ಹಿಂದಿನ ಆಕ್ಸಲ್ಲು
ಅರ್ಧ ಬೆರಳು ಎಡಕ್ಕ ಸರದಿತ್ತು.
ಅವ ನಕ್ಕೋತ ಹೇಳಿದ;
ಅವಗ ಅದೂ ರೊಕ್ಕ ಕೊಟ್ಟ ಆಟದಾಗ ಬಂತು.
ನಾನು ಟಾರ್ಚ್ ಬಿಟ್ಟು ನೋಡಿದೆ.
ಬೆನ್ನಿಗೆ ಬೆನ್ನು ಹಚ್ಚಿ ನಿಂದರಬೇಕಾದ ಎರಡು ನಟ್ಟು,
ನಡುವ ಬ್ಲೇಡು ಹೋಗೂವಷ್ಟು ಬೆಳಕು.

ಕಂಪನೀದು ತರಿಸಿದರ ಇಪ್ಪತ್ತೊಂದು ದಿನ.
ಅಷ್ಟು ದಿನ ಮೂರನೇ ನಂಬರ್ ನಿಂತರ
ಹುಡುಗರ ಪಗಾರ ಎಲ್ಲಿಂದ ಹುಟ್ಟಬೇಕು?
ಹಳೇ ನಟ್ಟು ತಂಬಾಕದ ಡಬ್ಬಿಗೆ ಹಾಕ್ಕೊಂಡು
ಸೋಮವಾರ ಗಂಗಾವತಿ ಬಸ್ಸು ಹತ್ತಿದೆ.

ಮೊದಲನೇ ಅಂಗಡ್ಯಾಗ ನಟ್ಟಿಗೆ ಬಂಗಾರದ ಬಣ್ಣ.
"ಇದನ್ನ ಹಾಕ್ರಿ, ಮರತುಬಿಡ್ರಿ" ಅಂದ.
ಮರಿಯೋ ಮಾತು ಬಂದಾಗನ ನನಗ ಸಂಶೇ ಬಂತು.
ಎರಡನೇದರಾಗ ನಡುವ ಸೀಳಿದ ನಟ್ಟು,
ಸೀಳಿನ ತುಟಿ ಬಿಗಿಯಾಕ ನಾಕು ಸಣ್ಣ ಬೋಲ್ಟು.
ಎರಡು ಪಾಕೀಟು, ಒಂದಾ ಚಿತ್ರ, ಎರಡು ರೇಟು.
ಫರಕು ಏನ್ರಿ ಅಂದರ
ನೂರಾಎಂಬತ್ತು ರೂಪಾಯಿ ಅಂದ.
ಎರಡೂ ತಗೊಂಡೆ. ತಿರುಗಿ ಹೋಗಿ ಬಂಗಾರದ್ದೂ ತಗೊಂಡೆ.

ಅಕ್ಕಿ ಗಿರಣಿಗಳ ಹಿಂದ ಶಾಮೀದಸಾಬನ ಲೇತು.
ಗಿರಣಿ ಶಾಫ್ಟು ಕಡದು ಕಡದು
ಅವನ ಹುಬ್ಬಿನ ಮ್ಯಾಲ ತೌಡು, ಉಗುರಾಗ ಎಣ್ಣಿ.
ಮೂರೂ ನಟ್ಟು ಹಾಸಗಲ್ಲಿನ ಮ್ಯಾಲ ಒಂದೊಂದಾ ಬೀಳಿಸಿದ.
ಎರಡು ಠಣ್ ಅಂದ್ವು. ಬಂಗಾರದ್ದು ಡಬ್ ಅಂತು.
"ಹುಲಿಗೆವ್ವಾ, ಇದು ಬೀಡು. ಕಲ್ಲಿಗೆ ಹೆದರತೈತಿ."
ಆಮ್ಯಾಲ ಕಾನಸು ತಗೊಂಡು ಮೂಲಿಗೆ ಎಳದ.
ಒಂದರ ಮ್ಯಾಲ ಬೆಣ್ಣಿಗೆ ಹತ್ತಿದಂಗ ಹತ್ತಿತು,
ಇನ್ನೊಂದರ ಮ್ಯಾಲ ಜಾರಿತು.
ಜಾರಿಸಿದ್ದನ್ನ ಎತ್ತಿ ಬ್ಯಾರೆ ಇಟ್ಟ.
ಅದರ ರೇಟು ಕಡಿಮಿದಾ ಹೆಚ್ಚಿಂದಾ ಕೇಳಲಿಲ್ಲ.

ಪಿಚ್ ಗೇಜಿನ ಎಲಿ ಒಂದೊಂದಾಗಿ ಬಿಚ್ಚಿ
ಹಳೇದರ ಹಲ್ಲಿಗೆ ಹಿಡದ, ಹೊಸಾದರ ಹಲ್ಲಿಗೆ ಹಿಡದ,
ದೀಪದ ಕಡೆ ತಿರುಗಿ ಒಂದು ಕಣ್ಣು ಮುಚ್ಚಿದ.
"ಬೆಳಕು ಬರವಲ್ದು. ಒಂದಾ ಹಲ್ಲು.
ಆದರ ಗಾಡಿ ಮುಂದ ಕುಂತು ನೋಡು:
ಮೊದಲನೇ ಸುತ್ತಿಗೇ ಜಗಳ ತಗದರ ವಾಪಸ್ ಕೊಡು.
ಬೋಲ್ಟು ಬಿಗದ ಮ್ಯಾಲೂ ಜಗಳ ತಗೀಲಿಲ್ಲ ಅಂದರ
ಆಗೂ ವಾಪಸ್ ಕೊಡು."

ನಮ್ಮಪ್ಪ ಹರಗೋಲಿಗೆ ಡಾಂಬರು ಮೆತ್ತತಿದ್ದ.
ಎಲ್ಲಿ ತೂತೋ ಅಲ್ಲಿ ನೀರು ಬಂದು
ಕಾಲಿಗೆ ಹೇಳತಿತ್ತು.
ಕಬ್ಬಿಣ ಹಂಗ ಹೇಳಂಗಿಲ್ಲ.
ಮಂದಿ ಕೂಸು ಕುಂತಾಗ ಹೇಳತೈತಿ.

ರಾತ್ರಿ ಎಳಿ ಒರಿಸಿ, ಒಣಗಿಸಿ, ಎರಡು ಹನಿ ಅಂಟು ಬಿಟ್ಟು
ಬೆರಳಲೆ ತಿರುವಿದೆ. ಸರಾಗ ಹೋತು.
ನಾಕು ಬೋಲ್ಟು ಅತ್ತೊಂದು ಇತ್ತೊಂದು ಬಿಗಿಯೂ ಮುಂದ
ಪಾನಾ ಮಣಿಕಟ್ಟಿಗೆ ಮಾತಾಡಿತು.
ಕಡೀಕ ಬಿಳೇ ಪೇಂಟಿನ ಒಂದು ಗೆರಿ,
ನಟ್ಟಿನಿಂದ ಆಕ್ಸಲಿಗೆ, ಅಡ್ಡ.

ಗಾಡ್ಯಾಗ ಎಲ್ಲಾ ತಿರುಗೂದಕ್ಕ ಐತಿ:
ಗಾಲಿ, ಚೈನು, ಡಿಸ್ಕು, ಕೆಲವೊಮ್ಮಿ ಗಿರಾಕಿ ತಲಿ.
ಇದೂ ಆಕ್ಸಲ್ ಜೋಡಿ ದಿನಾ ಹತ್ತಾರು ಮೈಲು ಸುತ್ತಬೇಕು;
ಆಕ್ಸಲಿನ ಮ್ಯಾಲ ಮಾತ್ರ
ಒಂದು ಕೂದಲೆಳಿ ತಿರುಗಬಾರದು.

ಬುಧವಾರ ಗಾಡಿ ಕೆಂಪುಧೂಳು ಹೊತ್ತು ಬಂತು.
ಹೆಬ್ಬೆರಳಲೆ ಒರಿಸಿದೆ. ಗೆರಿ ಕೂಡಿತ್ತು.
ಗುರುವಾರ ಒರಿಸಿದೆ. ಕೂಡಿತ್ತು.
ಶುಕ್ರವಾರ ಮಂದಿ ಭಾಳ, ನೋಡಲಿಲ್ಲ;
ಊಟಕ್ಕ ಕುಂತಾಕಿ ಎದ್ದು
ಎಂಜಲಗೈಲೆ ಟಾರ್ಚ್ ಹಿಡಕೊಂಡು ಹೋದೆ.

ಬಂಗಾರದ ನಟ್ಟು ರಸೀದಿ ಪುಸ್ತಕದ ಮ್ಯಾಲ ಕುಂತೈತಿ,
ಕೆರಿ ಗಾಳಿಗೆ ಹಾಳಿ ಹಾರಗೊಡಂಗಿಲ್ಲ.
ಅಷ್ಟು ಕೆಲಸಕ್ಕ ಅದನ್ನೂ ನಂಬಬಹುದು.